ಐದು ವರ್ಷದೊಳಗಿನ ನಿದ್ದೆ

ಜೂನ್ ೯, ಸೋಮವಾರ

ಯಾದಗಿರಿಯ ಟ್ರಸ್ಟ್ ಆಸ್ಪತ್ರೆಯ ಓಟಿ ಬಾಗಿಲಿಗೆ ಇವತ್ತು ನೋಟೀಸು ಅಂಟಿಸಿದ್ದಾರೆ. ಆಗಸ್ಟ್ ಒಂದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಅರಿವಳಿಕೆ ಕೊಡುವವರ ಬಳಿ ಮಕ್ಕಳ ಅರಿವಳಿಕೆಯದೇ ಪ್ರತ್ಯೇಕ ಪ್ರಮಾಣಪತ್ರ ಇರಬೇಕಂತೆ. ನನ್ನ ಹತ್ತಿರ ಇರುವುದು ಒಂದೇ ಪತ್ರ. ಅದರಲ್ಲಿ ಅರಿವಳಿಕೆ ಎಂದಷ್ಟೇ ಇದೆ, ಯಾರಿಗೆ ಎಂದು ಬರೆದಿಲ್ಲ. ಅದನ್ನೇ ನಂಬಿ ಇಷ್ಟು ವರ್ಷ ಬೆಳಿಗ್ಗೆ ಯಾದಗಿರಿ, ಮಧ್ಯಾಹ್ನ ಶಹಾಪುರ, ಸಂಜೆ ಸುರಪುರ ಅಂತ ಸುತ್ತುತ್ತ ಅಜ್ಜಂದಿರಿಂದ ಹಸುಗೂಸುಗಳವರೆಗೆ ಎಲ್ಲರನ್ನೂ ಮಲಗಿಸಿ ಎಬ್ಬಿಸಿದ್ದೇನೆ.

ನೋಟೀಸಿನ ಮುಂದೆ ನಿಂತಿದ್ದಾಗ ಸಿಸ್ಟರ್ ತಿಮ್ಮವ್ವ ಬಂದಳು.

“ಓದಿದ್ರೇನ್ರಿ ಮೇಡಮ್ಮಾರ? ಇನ್ನ ಮ್ಯಾಲ ಸಣ್ಣ ಹುಡುಗರು ನಿಮಗ ಇಲ್ಲಂತ.”

“ಓದಿದೆ. ಮುಂದಿನ ವರ್ಷ ಎಡಗಾಲಿಗೊಬ್ರು, ಬಲಗಾಲಿಗೊಬ್ರು ಬರ್ತಾರ ನೋಡು.”

“ಬರ್ಲಿ ಬಿಡ್ರಿ. ಚಾ ಕುಡಿಯಾಕ ಮಂದಿ ಆಗ್ತಾರ.”

ನಮ್ಮ ಅರಿವಳಿಕೆ ಡಾಕ್ಟರುಗಳ ಸಂಘದ ಫೋನ್ ಗುಂಪಿನಲ್ಲೂ ಇದೇ ಜಗಳ. ಹೃದಯಕ್ಕೆ ಬೇರೆ, ಮಿದುಳಿಗೆ ಬೇರೆ, ಹೆರಿಗೆಗೆ ಬೇರೆ, ಮಕ್ಕಳಿಗೆ ಬೇರೆ ಪರೀಕ್ಷೆ ಮಾಡಿ ಬೇರೆ ಬೇರೆ ಪತ್ರ ಕೊಡಬೇಕೋ ಬೇಡವೋ, ಎಲ್ಲರೂ ಅಭಿಪ್ರಾಯ ಹೇಳಿ ಅಂದಿದ್ದರು. “ಬೇಡ” ಎಂದು ಬರೆದು, ಅಲ್ಲಿಗೆ ಸುಮ್ಮನಿರಲಾರದೆ ಎರಡು ಸಾಲನ್ನೂ ಸೇರಿಸಿದೆ:

ಗುಂಡಿಗೆಗೊಂದು, ಗಂಟಲಿಗೊಂದು, ಗರ್ಭಕ್ಕೊಂದು ಹಾಳೆ;
ಎಲ್ಲ ಹಂಚಿ ಮುಗಿದ ಮೇಲೆ ನನ್ನ ಪಾಲು – ನಾಳೆ.

ಯಾರೋ ಮೂವರು ನಗುವ ಮುಖದ ಚಿತ್ರ ಕಳಿಸಿದರು. ಇವತ್ತು ನನ್ನ ಜೊತೆ ನಕ್ಕವರು ಅವರೇ.

ಮನೆಗೆ ಬಂದು ಅನ್ನಕ್ಕಿಟ್ಟೆ. ಒಬ್ಬರಿಗೆ ಅಕ್ಕಿ ಅಳೆಯುವುದು ಹಸುಗೂಸಿಗೆ ಔಷಧ ಅಳೆಯುವುದಕ್ಕಿಂತ ಕಷ್ಟ. ಯಾವತ್ತೂ ಹೆಚ್ಚೇ ಆಗುತ್ತದೆ.

ಜೂನ್ ೧೨, ಗುರುವಾರ

ಶಹಾಪುರದಲ್ಲಿ ಸರ್ಜನ್ ಹಣಮೇಶರ ದವಾಖಾನೆಯಲ್ಲಿ ದೇವಿಕಾ ಅಂತ ನಾಲ್ಕು ವರ್ಷದ ಹುಡುಗಿ. ತೊಡೆಯಲ್ಲಿ ಕುರು. ಮೇಜಿನ ಮೇಲೆ ಹತ್ತಿದ್ದೇ, “ನಿನ್ನ ಹೆಸರೇನು?” ಅಂತ ನನ್ನನ್ನೇ ಕೇಳಿದಳು. ಮಲ್ಲೇಶ್ವರಿ ಅಂದೆ. “ಉದ್ದ ಅದ,” ಅಂದಳು. ಮಾಸ್ಕು ಮುಖದ ಹತ್ತಿರ ತರುತ್ತ ಶುರು ಮಾಡಿದೆ:

ದೇವಿಕಾ ದೇವಿಕಾ ದ್ವಾಸಿ ತಿಂದಿ,
ತಾಟ ಯಾರ ಮುಂದ ಇಟ್ಟು ಬಂದಿ?
ಬೆಕ್ಕಿನ ಮುಂದ, ಬುಟ್ಟಿಯ ಹಿಂದ...

ಅಷ್ಟರಲ್ಲಿ ನಿದ್ದೆ. ನನ್ನ ಕವಿತೆಯನ್ನು ಪೂರ್ತಿ ಕೇಳಿದವರು ಈ ಸೀಮೆಯಲ್ಲಿ ಯಾರೂ ಇಲ್ಲ. ಕೇಳಿದ್ದೂ ಎದ್ದ ಮೇಲೆ ಅವರಿಗೆ ನೆನಪಿರುವುದಿಲ್ಲ. ವಿಮರ್ಶಕರ ಕಾಟವೊಂದು ತಪ್ಪಿದೆ.

ಹಣಮೇಶರಿಗೆ ನೋಟೀಸಿನ ಸುದ್ದಿ ಮುಟ್ಟಿತ್ತು. ಕೈ ತೊಳೆಯುತ್ತ ಹೇಳಿದರು, “ಅದು ಯಾದಗಿರಿದು. ಇದು ನನ್ನ ದವಾಖಾನಿ. ಇಲ್ಲಿ ಯಾರರ ನಿಮ್ಮ ಸರ್ಟಿಫಿಕೇಟ ಕೇಳಿದ್ರ ನನ್ನ ಹತ್ರ ಕಳಸ್ರಿ.”

“ಏನ ತೋರಸ್ತೀರಿ?”

“ಎದ್ದು ಓಡ್ಯಾಡೋ ಹುಡುಗರನ್ನ ತೋರಸ್ತೀನಿ.”

ಸುರಪುರದ ದಾರಿಯಲ್ಲಿ ಕಾರು ಓಡಿಸುತ್ತ ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡೆ. ನನ್ನ ದನಿಯಲ್ಲಿ ಅದು ಅಷ್ಟು ಚೆನ್ನಾಗಿ ಕೇಳಲಿಲ್ಲ.

ಒಂದು ಮಾತು ನಿಜ. ಮಕ್ಕಳನ್ನು ಕಿತ್ತುಕೊಂಡರೆ ನನಗೆ ಉಳಿಯುವವರು ಯಾರು? ಸಿಸೇರಿಯನ್ನಿನ ತಾಯಂದಿರು ಬೆನ್ನು ಕೊಟ್ಟು ಕೂರುತ್ತಾರೆ. ಕಾಲು ಮುರಿದವರು ಛಾವಣಿ ನೋಡುತ್ತಾರೆ. ಮುಖ ಕೊಟ್ಟು ಮಾತಾಡುವವರು ಮಕ್ಕಳು ಮಾತ್ರ. ದಿನಕ್ಕೆ ಒಂದಿಷ್ಟು ಹೊತ್ತು ನನ್ನ ಜೊತೆ ಯಾರಾದರೂ ಹರಟುತ್ತಾರೆಂದರೆ ಅದು ಅವರು, ನಿದ್ದೆ ಹತ್ತುವ ತನಕ.

ಜೂನ್ ೩೦, ಸೋಮವಾರ

ಪ್ರಮಾಣಪತ್ರ ಬಂತು. ಎರಡು ಕಾಲು, ಹೆಗಲಿಗೊಂದು ಕಪ್ಪು ಚೀಲ, ಹೆಸರು ಡಾ. ಗೌಹರಬೇಗಂ. ಸುರಪುರದ ಪಕ್ಕದ ರಂಗಂಪೇಟೆಯ ಹುಡುಗಿ. ಹೈದರಾಬಾದಿನಲ್ಲಿ ಮಕ್ಕಳ ಅರಿವಳಿಕೆಯನ್ನೇ ಬೇರೆಯಾಗಿ ಕಲಿತು ಬಂದಿದ್ದಾಳೆ.

“ನಮಸ್ಕಾರ್ರಿ ಮೇಡಮ್. ನನ್ನ ತಮ್ಮನ ಅಪೆಂಡಿಕ್ಸಿಗೆ ಸುರಪುರದಾಗ ನೀವ ಅನಸ್ತೇಶಿಯಾ ಕೊಟ್ಟಿದ್ರಿ.”

“ಎದ್ದಾನಿಲ್ಲ?”

“ಎದ್ದಾನ್ರಿ. ಈಗ ಪೊಲೀಸ ಅದಾನ.”

“ಮೊದಲ ಹೇಳಿದ್ರ ಎಬ್ಬಸ್ತಿದ್ದಿಲ್ಲ.”

ಅವಳು ಬಹಳ ಹೊತ್ತು ನಕ್ಕಳು. ಹೊಸ ಕೆಲಸಕ್ಕೆ ಬಂದವರು ಹಾಗೇ ನಗುತ್ತಾರೆ.

ಜುಲೈ ೪, ಶುಕ್ರವಾರ

ಆ ಹುಡುಗಿ ಒಂದು ಮಗುವಿಗೆ ಸಿದ್ಧತೆ ಮಾಡಿಕೊಳ್ಳುವಷ್ಟರಲ್ಲಿ ನಾನು ಒಂದು ಸಿಸೇರಿಯನ್ ಮುಗಿಸಿ ಚಹಾ ಕುಡಿದೆ. ನಳಿಕೆ ಮೂರು ಅಳತೆಯವು, ಮಾಸ್ಕು ಮೂರು ಅಳತೆಯವು, ಎಲ್ಲವನ್ನೂ ಸಾಲಾಗಿ ಜೋಡಿಸಿ, ಬಾಯಲ್ಲೇ ಎಣಿಸಿ, ಮತ್ತೆ ಮೊದಲಿಂದ ನೋಡುತ್ತಾಳೆ. ಮದುವೆ ಮನೆಯಲ್ಲಿ ಸುರುಗಿಯ ತಂಬಿಗೆಗಳನ್ನು ಜೋಡಿಸಿದ ಹಾಗೆ.

“ಭಾಳ ನಿಧಾನ ಅದಾರ್ರಿ,” ಅಂದಳು ತಿಮ್ಮವ್ವ. ಆಮೇಲೆ, “ಆದ್ರ ಹುಡುಗರು ಎದ್ದ ಮ್ಯಾಲ ಅಳೋದಿಲ್ರಿ,” ಅಂತಲೂ ಅಂದಳು. ಎರಡನೇ ಮಾತು ನನಗೆ ಕೇಳಿಸಲಿಲ್ಲ ಅಂದುಕೊಳ್ಳೋಣ.

ಜುಲೈ ೧೫, ಮಂಗಳವಾರ

ಇವತ್ತು ಬರೆಯಲಾರೆ.

ಜುಲೈ ೧೬, ಬುಧವಾರ

ಬರೆಯದಿದ್ದರೆ ಅದು ಹೊಟ್ಟೆಯಲ್ಲೇ ಕೂರುತ್ತದೆ.

ಬಳಿಚಕ್ರದ ಬಸು, ಮೂರು ವರ್ಷ, ಹರ್ನಿಯಾ. ತೊಡೆಸಂದಿನಲ್ಲಿ ಕರುಳು ಇಳಿದು ಗಂಟಾಗಿತ್ತು. ತಾಯಿ ಮನೆಯಲ್ಲಿ ಬಾಣಂತಿ, ಅಜ್ಜಿ ದೇವಕ್ಕ ಎತ್ತಿಕೊಂಡು ಬಂದಿದ್ದಳು. ಅರಿವಳಿಕೆ ಕೊಡುವ ಮೊದಲು ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ತಿಂದದ್ದು ಮೇಲೆ ಬಂದು ಉಸಿರಿನ ನಾಳಕ್ಕೆ ಹೋಗುತ್ತದೆ. ಇದನ್ನು ಕೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಹೆಮ್ಮೆ ನನ್ನದು. ನಮ್ಮ ಜನಕ್ಕೆ ಊಟ ಬೇರೆ, ನಾಷ್ಟಾ ಬೇರೆ, ಚಹಾ ಅಂತೂ ಯಾವ ಲೆಕ್ಕಕ್ಕೂ ಇಲ್ಲ. ಅದಕ್ಕೇ ಒಂದೊಂದನ್ನೂ ಹೆಸರು ಹಿಡಿದು ಕೇಳುತ್ತೇನೆ.

“ಊಟ ಮಾಡ್ಸಿಯೇನವ್ವಾ?” “ಇಲ್ರಿ.” “ನಾಷ್ಟಾ?” “ಇಲ್ರಿ.” “ಚಾ, ಬಿಸ್ಕೀಟ, ಹಾಲು, ಮಂಡಾಳ?” “ಇಲ್ರೀ ಯವ್ವಾ, ನಿನ್ನಿ ರಾತ್ರಿ ಉಂಡದ್ದ ಅವ.”

ಮಾಸ್ಕು ಇಟ್ಟೆ. ಎರಡನೇ ಸಾಲು ಹೇಳುತ್ತಿದ್ದಾಗ ಎದೆ ಒಮ್ಮೆ ಎದ್ದು ಬಿತ್ತು. ಬಾಯಿ ತುಂಬ ಗೋಧಿ ಹುಗ್ಗಿ. ಪಕ್ಕಕ್ಕೆ ಹೊರಳಿಸಿದೆ, ಹೀರುವ ನಳಿಕೆ ಹಾಕಿದೆ. ಗಂಟಲು ಕಚ್ಚಿಕೊಂಡಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಮಾನಿಟರಿನ ದನಿಯೂ ಇಳಿಯತೊಡಗಿತು. ಆ ದನಿ ಮೆಟ್ಟಿಲಿಳಿಯುವುದನ್ನು ಕೇಳಿದವರಿಗೇ ಗೊತ್ತು. ದೊಡ್ಡವರಲ್ಲಿ ಹೀಗಾದಾಗ ನನ್ನ ಕೈ ತಾನಾಗಿಯೇ ನಡೆಯುತ್ತದೆ. ನಿನ್ನೆ ಆ ತುಟಿ ನೀಲಿಯಾದಾಗ ನನ್ನ ಕೈ ನಿಂತಿತು. ಒಂದು ಗಳಿಗೆ, ಅಷ್ಟೇ. ಆದರೆ ನಿಂತಿತು.

ಪಕ್ಕದ ಕೋಣೆಯಿಂದ ಡಾ. ಗೌಹರಬೇಗಂ ಬಂದಿದ್ದಳು. “ಮೇಡಮ್, ದವಡಿ ನಾ ಹಿಡೀತೀನಿ, ನೀವ ಸೂಜಿ ಕೊಡ್ರಿ,” ಅಂದಳು. ಕಿವಿಯ ಹಿಂದೆ ಬೆರಳಿಟ್ಟು ಒತ್ತಿದಳು. ಆ ಜಾಗ ನಾನು ಪುಸ್ತಕದಲ್ಲಿ ಓದಿದ್ದೆ, ಕೈಯಲ್ಲಿ ಮಾಡಿರಲಿಲ್ಲ. ಗಾಳಿ ಹೋಯಿತು. ದನಿ ಮೆಲ್ಲಗೆ ಮೇಲೆ ಹತ್ತಿತು. ಆಪರೇಶನ್ ಕೈಬಿಟ್ಟು ಹುಡುಗನನ್ನು ಐಸಿಯುಗೆ ಸಾಗಿಸಿದೆವು.

ಹೊರಗೆ ಬಂದು ದೇವಕ್ಕನ ಪಕ್ಕ ನಿಂತೆ. “ಏನೂ ತಿನ್ನಿಸಿಲ್ಲ ಅಂದಿದ್ದೆಲ್ಲವ್ವಾ?”

“ಖರೇನ ತಿನ್ನಿಸಿಲ್ರಿ. ಬರುವಾಗ ಮಠಕ್ಕ ಹೋಗಿದ್ವಿ. ಕೂಸಿಗೆ ಆಪರೇಶನ್ ಅದ ಅಂದಿದ್ದಕ್ಕ ಅಜ್ಜಾರು ಒಂದ ಬಟ್ಟಲ ಹುಗ್ಗಿ ಪ್ರಸಾದ ಕೊಟ್ರು. ಅದ ಅಷ್ಟ.” ಆಮೇಲೆ ನನ್ನ ಮುಖ ನೋಡಿ, “ಪ್ರಸಾದ ಊಟ ಅಲ್ಲಲ್ರೀ ಯವ್ವಾ?”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಶಹಾಪುರದಲ್ಲಿ ನಮ್ಮಪ್ಪ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಷ್ಟು ಸಲ ಹೇಳಿಲ್ಲ, ಉಪವಾಸವಿದ್ದರೂ ಪ್ರಸಾದಕ್ಕೆ ಬೇಡ ಅನ್ನಬಾರದು, ಅದು ತಿಂದಂತಲ್ಲ. ನನ್ನ ಪಟ್ಟಿಯಲ್ಲಿ ಮಂಡಾಳವಿತ್ತು, ಪ್ರಸಾದವಿರಲಿಲ್ಲ. ಬೆಂಗಳೂರಿನ ಡಾಕ್ಟರನಾದರೆ ಊರಿನ ಮಾತು ಗೊತ್ತಾಗದೆ ತಪ್ಪುತ್ತಿದ್ದ. ನಾನು ಗೊತ್ತಿದ್ದದ್ದರಿಂದಲೇ ತಪ್ಪಿದೆ. ಆ ಮುದುಕಿ ಎಲ್ಲಿ ಎಡವಿದಳೋ ನಾನೂ ಅಲ್ಲಿಯೇ.

ಜುಲೈ ೧೯, ಶನಿವಾರ

ಬಸು ಗಾಳಿ ನಳಿಕೆ ಇಲ್ಲದೆ ಉಸಿರಾಡುತ್ತಿದ್ದಾನೆ. ನನ್ನನ್ನು ನೋಡಿ ಗೋಡೆಯ ಕಡೆ ಹೊರಳಿದ. ಎರಡು ತಿಂಗಳಾದ ಮೇಲೆ ಮತ್ತೆ ಆಪರೇಶನ್ನಿಗೆ ಬರಬೇಕು ಎಂದು ದೇವಕ್ಕನಿಗೆ ಹೇಳಿದೆವು. ಹೇಳಿದ್ದು ಡಾ. ಗೌಹರ್, ನಾನು ಪಕ್ಕದಲ್ಲಿ ನಿಂತಿದ್ದೆ.

ಅವಳು ಮಂಗಳವಾರದ ವಿಷಯ ಯಾರ ಹತ್ತಿರವೂ ಎತ್ತಿಲ್ಲ. ಎತ್ತಿದ್ದರೆ ಸಿಟ್ಟಾಗಬಹುದಿತ್ತು.

ಜುಲೈ ೨೯, ಮಂಗಳವಾರ

ಪಂಚಮಿ. ತವರಿಗೆ ಹೋಗುವವರೆಲ್ಲ ಹೋಗಿದ್ದಾರೆ. ನಾನೂ ಶಹಾಪುರಕ್ಕೆ ಹೋಗಿ ಬಂದೆ, ಸಿಸೇರಿಯನ್ನಿಗೆ. ಅಪ್ಪನ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ. ಕೆಳಗಿನ ಮನೆಯ ಚನ್ನಯ್ಯನವರು ತಂಬಿಟ್ಟು ಕಳಿಸಿದ್ದರು. ಮೆಟ್ಟಿಲ ಮೇಲೆ ಇಟ್ಟು ಬಾಗಿಲು ಬಡಿದು ಹೋಗಿದ್ದಾರೆ. ಡಾಕ್ಟರಮ್ಮ ಮಲಗಿರಬಹುದು ಅಂದುಕೊಂಡಿರಬೇಕು. ಮದುವೆ ಅಂತ ಒಂದಿತ್ತು, ಎರಡು ವರ್ಷ. ಅದರ ಬಗ್ಗೆ ಬರೆಯುವಷ್ಟು ಅದು ಇರಲಿಲ್ಲ.

ಆಗಸ್ಟ್ ೧, ಶುಕ್ರವಾರ

ನಿಯಮ ಜಾರಿಯಾಯಿತು. ಮೊದಲ ಮಗು ಎರಡು ವರ್ಷದ್ದು, ಸೀಳು ತುಟಿ. ನಾನು ಸುಮ್ಮನೆ ಹೊರಗೆ ಹೋಗುತ್ತಿದ್ದೆ. ಗೌಹರ್ ಕರೆದಳು.

“ಮೇಡಮ್, ಜರಾ ನಿಲ್ರಿ. ನನ್ನ ಹಿಂದ ನಿಂತು ನೋಡ್ರಿ.”

“ಯಾಕವ್ವಾ? ನಿನ್ನ ಹತ್ರ ಸರ್ಟಿಫಿಕೇಟ ಅದಲ್ಲ.”

“ಅದಕ್ಕ ಕಣ್ಣ ಇರೋದಿಲ್ರಿ.”

ನಿಂತೆ. ಸರ್ಜನ್ನನಿಗೆ ಎದುರು ಒಬ್ಬ ಸಹಾಯಕ ಇರುತ್ತಾನೆ, ಅವನ ಕೈಯನ್ನು ಇವನು, ಇವನ ಕೈಯನ್ನು ಅವನು ನೋಡುತ್ತ ಕಲಿಯುತ್ತಾರೆ. ನಮ್ಮದು ಒಬ್ಬರ ಕೆಲಸ. ಕಲಿಕೆ ಮುಗಿಸಿದ ದಿನದಿಂದ ಇವತ್ತಿನವರೆಗೆ ಇನ್ನೊಬ್ಬ ಅರಿವಳಿಕೆಯವರು ಕೆಲಸ ಮಾಡುವುದನ್ನು ನಾನು ಮೊದಲಿಂದ ಕೊನೆಯವರೆಗೆ ನಿಂತು ನೋಡಿರಲಿಲ್ಲ. ನಾನು ಮಾಡುವುದನ್ನು ಅವರು ಯಾರೂ ಹಾಗೆ ನೋಡಿರಲಿಲ್ಲ. ಒಳ್ಳೆಯ ಕೈಯೋ ಕೆಟ್ಟ ಕೈಯೋ ಹೇಳುವವರಿಲ್ಲದೆ, ಜನ ಎದ್ದು ಮನೆಗೆ ಹೋದರು ಎಂಬುದನ್ನೇ ಉತ್ತರ ಅಂದುಕೊಂಡಿದ್ದೆ.

ಮಗುವಿನ ಅಮ್ಮನಿಗೆ ಅವಳು ಕೇಳಿದ ಪ್ರಶ್ನೆಯನ್ನು ಬರೆದಿಡುತ್ತೇನೆ: “ನಿನ್ನಿ ರಾತ್ರಿಯಿಂದ ಗಂಟಲದಾಗ ಏನೇನ ಇಳದಾದ? ನೀರು, ತೀರ್ಥ, ಗುಳಗಿ, ಎಲ್ಲಾ ಹೇಳವ್ವಾ.” ತಿಂದಿದ್ದೇನು ಅಂತ ಕೇಳುವುದೇ ಇಲ್ಲ. ಎಲ್ಲಿ ಕಲಿಸಿದರು ಅಂದೆ. “ಇದು ಕಲಿಸಿದ್ದಲ್ರಿ. ಸಣ್ಣಾಕಿ ಇದ್ದಾಗ ರಂಜಾನದಾಗ ರೋಜಾ ಹಿಡಿದ್ರ ನಮ್ಮ ಅಮ್ಮಿ ಹಿಂಗ ಕೇಳ್ತಿದ್ಳು. ಮಾವಿನಹಣ್ಣು ಊಟ ಅಲ್ಲ ಅಂತಿದ್ದೆ ನಾ.”

ಆಗಸ್ಟ್ ೨೧, ಗುರುವಾರ

ಗೌಹರ್ ರಂಗಂಪೇಟೆಗೆ ಹೋಗುವವಳಿದ್ದಳು, ನಾನು ಸುರಪುರಕ್ಕೆ. ಕಾರಿನಲ್ಲಿ ಕೂರಿಸಿಕೊಂಡೆ. ಪಕ್ಕದ ಸೀಟಿನ ಮೇಲಿದ್ದ ಫೈಲು, ನೀರಿನ ಬಾಟಲಿ, ಶಾಲು ಎಲ್ಲ ಹಿಂದಕ್ಕೆ ಹಾಕಬೇಕಾಯಿತು. ಅಲ್ಲಿ ಯಾರೂ ಕೂತು ಎಷ್ಟು ದಿನವಾಗಿತ್ತೋ.

ದಾರಿ ಉದ್ದಕ್ಕೂ ಜಗಳ.

“ಹತ್ತು ನಮೂನಿ ಸರ್ಟಿಫಿಕೇಟ ಮಾಡಿದ್ರ ಹತ್ತು ಮಂದಿ ಬೇಕು, ಗೌಹರ್. ಇಲ್ಲಿ ಮೂರು ಊರಿಗೆ ಒಬ್ಬಾಕಿ ಅದಾಳ. ಆಕಿನ್ನ ಹತ್ತು ತುಂಡ ಮಾಡ್ತೀರೇನು?”

“ಮಾಡೋದಿಲ್ಲ. ಆದ್ರ ಆ ಒಬ್ಬಾಕಿಗೆ ಏನ ಬರ್ತದ, ಏನ ಬರೋದಿಲ್ಲ ಅಂತ ಯಾರಿಗೆ ಗೊತ್ತಾಗಬೇಕು?”

“ಆಕಿಗೇ ಗೊತ್ತಿರ್ತದ.”

ಅವಳು ಕಿಟಕಿಯಿಂದ ಹತ್ತಿ ಹೊಲ ನೋಡುತ್ತ ಕೂತಳು. ದೋರನಹಳ್ಳಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು, “ಗೊತ್ತಿರ್ತದೇನ್ರಿ ಆಪಾ?”

ಮೇಡಮ್ ಇದ್ದವಳು ಅಕ್ಕ ಆಗಿದ್ದೆ. ನಾನು ಗೇರು ಬದಲಾಯಿಸಿದೆ. ಬದಲಾಯಿಸುವ ಅಗತ್ಯ ಇರಲಿಲ್ಲ.

ರಂಗಂಪೇಟೆಯಲ್ಲಿ ಅವಳ ತಾಯಿ ಮಸ್ತಾನಬಿ ಬಿಡಲಿಲ್ಲ. ಒಳಗೆ ಬರ್ರಿ ಅಂತ ರಟ್ಟೆ ಹಿಡಿದು ಎಳೆದರು. ನನಗಾಗಿ ಬೇರೆ ಪಾತ್ರೆಯಲ್ಲಿ ಎಣ್ಣೆಗಾಯಿ, ಖಡಕ್ ರೊಟ್ಟಿ. “ಉಣ್ರಿ ಡಾಕ್ಟ್ರಬಾಯಿ, ನಿಮಗೇನ ಆಪರೇಶನ್ ಅದೇನ್ರಿ?” ಅಂದರು. ಎರಡು ರೊಟ್ಟಿ ಅಂದುಕೊಂಡು ಕೂತವಳು ನಾಲ್ಕು ಉಂಡೆ. ಸುರಪುರದ ಕೇಸಿಗೆ ತಡವಾಯಿತು. ಇದೇ ಮೊದಲು.

ಸೆಪ್ಟೆಂಬರ್ ೨೩, ಮಂಗಳವಾರ

ಬಸುವಿನ ಆಪರೇಶನ್ ಇತ್ತು. ಗೌಹರ್ ನಳಿಕೆಗಳನ್ನೆಲ್ಲ ಜೋಡಿಸಿಟ್ಟಿದ್ದಳು. ಮಧ್ಯಾಹ್ನದವರೆಗೆ ಕಾದೆವು, ಬರಲಿಲ್ಲ. ತಿಮ್ಮವ್ವ ಫೋನ್ ಮಾಡಿದರೆ, ಅಜ್ಜಿಗೆ ಅಂಜಿಕೆಯಂತೆ. ಯಾರನ್ನು ಕಂಡರೆ ಅಂಜಿಕೆ ಎಂದು ಇಲ್ಲಿ ಬರೆಯುವ ಅಗತ್ಯವಿಲ್ಲ.

ಜೋಡಿಸಿದ್ದನ್ನು ನಾನೂ ಗೌಹರಳೂ ಸೇರಿ ತೆಗೆದಿಟ್ಟೆವು. ಯಾವುದರ ಪಕ್ಕ ಯಾವುದು ಅಂತ ಈಗ ನನಗೂ ಬಾಯಿಪಾಠ.

ಅಕ್ಟೋಬರ್ ೧೧, ಶನಿವಾರ

ಸಂಜೆ ಗೌಹರ್ ಮನೆಗೆ ಬಂದಳು. ಅನ್ನ ಇಬ್ಬರಿಗೆ ಸರಿಯಾಯಿತು. ಉಂಡು ಕೈ ತೊಳೆದ ಮೇಲೆ ಹೇಳಿದಳು. ಹೈದರಾಬಾದಿನ ಮಕ್ಕಳ ಆಸ್ಪತ್ರೆಯವರು ಕರೆದಿದ್ದಾರೆ, ಈ ತಿಂಗಳ ಕೊನೆಗೆ ಹೋಗಬೇಕು.

“ಪಗಾರ ಜಾಸ್ತಿ ಏನು?”

“ಪಗಾರದ ಮಾತಲ್ಲ ಆಪಾ. ಅಲ್ಲಿ ದಿನಕ್ಕ ಮಾಡ್ತಿದ್ದದ್ದು ಇಲ್ಲಿ ತಿಂಗಳಿಗೆ ಮಾಡಾಕತ್ತೀನಿ. ವಾರಕ್ಕ ಮೂರ ಕೂಸು, ನಾಕ ಕೂಸು. ಕೈಗೆ ತುಕ್ಕು ಹಿಡಿಯಾಕತ್ತದ. ಇನ್ನ ಎರಡ ವರ್ಷ ಇಲ್ಲೇ ಇದ್ರ ನನ್ನ ಹತ್ರ ಹಾಳಿ ಇರ್ತದ, ಕೈಯಾಗ ಹುನರ್ ಇರೋದಿಲ್ಲ.”

ಇದನ್ನು ನಾನು ಯೋಚಿಸಿರಲಿಲ್ಲ. ಪತ್ರ ಕೊಟ್ಟು ಕಳಿಸಬಹುದು. ಪತ್ರಕ್ಕೆ ತಕ್ಕಷ್ಟು ಮಕ್ಕಳನ್ನು ಎಲ್ಲಿಂದ ತರುವುದು? ನಮ್ಮಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಇರುವುದರಿಂದಲೇ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲ ಒಬ್ಬಳು ಸಾಕಾಗಿದ್ದಳು. ಅಥವಾ ಸಾಕು ಅಂದುಕೊಂಡಿದ್ದೆವು.

“ಹೋಗು,” ಅಂದೆ. “ಹೋಗಬೇಕು ನೀ.”

“ನೀವೂ ಬರ್ರಿ. ಒಂದ ವರ್ಷ. ಕಲಿಸ್ತಾರ.”

“ನಾ ಬಂದ್ರ ಇಲ್ಲಿ ಹೆರಿಗಿ ನೋವು ಒಂದ ವರ್ಷ ನಿಲ್ತಾವೇನು?”

ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.

ಅಕ್ಟೋಬರ್ ೩೧, ಶುಕ್ರವಾರ

ಸ್ಟೇಷನ್ನಿಗೆ ಹೋಗಿದ್ದೆ. ರೈಲು ಸರಿಯಾದ ಹೊತ್ತಿಗೆ ಬಂತು. ಯಾದಗಿರಿಯಲ್ಲಿ ಎಂದೂ ಹಾಗೆ ಬರುವುದಿಲ್ಲ.

ನವೆಂಬರ್ ೧೦, ಸೋಮವಾರ

ಗೌಹರ್ ಹೋದರೂ ನೋಟೀಸು ಹೋಗಿಲ್ಲ. ಆಫೀಸಿನಲ್ಲಿ ಸಂಗಮನಾಥರನ್ನು ಕೇಳಿದೆ. ಟ್ರಸ್ಟಿನ ವ್ಯವಹಾರ ನೋಡಿಕೊಳ್ಳುವವರು ಅವರೇ.

“ತೆಗೆಯಾಕ ಬರೋದಿಲ್ರಿ ಮೇಡಮ್. ಮೀಟಿಂಗಿನ್ಯಾಗ ಪಾಸಾಗ್ಯಾದ. ಡಾಕ್ಟ್ರು ಹೋಗ್ಯಾರ, ರೂಲ್ ಹೋಗಿಲ್ಲ.”

“ಹಂಗಾದ್ರ ಮಕ್ಕಳು?”

“ಕಲಬುರಗಿ ಎಲ್ಲಿ ಹೋಗ್ಯಾದ? ಅಲ್ಲೇ ಅದಲ್ರಿ.”

ಸಂಘದ ಗುಂಪಿನಲ್ಲಿ ಜಗಳ ಇನ್ನೂ ನಡೆದಿದೆ. ಬೇಕು ಅನ್ನುವವರೆಲ್ಲ ದೊಡ್ಡ ಊರಿನವರು, ಬೇಡ ಅನ್ನುವವರೆಲ್ಲ ನನ್ನಂಥವರು. ಎರಡೂ ಕಡೆಯವರ ಮಾತು ಓದಿದೆ. ಇಬ್ಬರದೂ ಸರಿ ಅನಿಸಿತು. ಫೋನು ಮಗುಚಿಟ್ಟೆ. ಪ್ರಾಸ ಏನೂ ಹೊಳೆಯಲಿಲ್ಲ.

ನವೆಂಬರ್ ೨೬, ಬುಧವಾರ

ಬಸು ಚೆನ್ನಾಗಿದ್ದಾನೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ನಿನ್ನೆ ಬೆಳಿಗ್ಗೆ ನಾನು ಓಟಿಯಿಂದ ಹೊರಬರುವಾಗ ದೇವಕ್ಕ ಕಾರಿಡಾರಿನ ನಡುವೆ ನಿಂತಿದ್ದಳು. ಹೆಗಲ ಮೇಲೆ ಬಸು. ಹರ್ನಿಯಾದ ಗಂಟು ಒಳಗೆ ಹೋಗದೆ ಸಿಕ್ಕಿಕೊಂಡು ಕೆಂಪಗಾಗಿತ್ತು. ರಾತ್ರಿಯಿಂದ ವಾಂತಿ. ಆಪರೇಶನ್ ತಡೆಯುವಂತಿರಲಿಲ್ಲ. ತಡೆದರೆ ಒಳಗಿನ ಕರುಳು ಕಪ್ಪಾಗುತ್ತದೆ. ಟ್ರಸ್ಟಿನವರು ನೋಟೀಸು ತೋರಿಸಿದರು. ಏನು ಮಾಡೋಣ ಎಂದು ಕೇಳಲು ನಾನು ಹಣಮೇಶರಿಗೆ ಫೋನ್ ಮಾಡಿದೆ.

“ಶಹಾಪುರಕ್ಕ ತೊಗೊಂಡ ಬರ್ರಿ ಮೇಡಮ್ಮಾರ. ಅರ್ಧ ತಾಸಿನ ಕೆಲಸ. ನೀವ ಮಲಗಸ್ರಿ, ನಾ ಮಾಡಿ ಒಗೀತೀನಿ.”

“ಈ ಹುಡುಗಗ ನಾ ಕೊಡೋದಿಲ್ರಿ ಸರ್. ಹೊಟ್ಟಿ ತುಂಬ್ಯಾದ, ಪುಪ್ಪುಸ ಒಮ್ಮೆ ಕೆಟ್ಟದ್ದು. ನನಗ ಬರೋದಿಲ್ಲ.”

“ಅಂಜಿಕಿ ಏನ್ರಿ?”

“ಹೌದ್ರಿ.”

“ಇಷ್ಟ ವರ್ಷ ಇಂಥಾವಕ್ಕೆಲ್ಲಾ ಕೊಟ್ಟೀರಿ?”

“ಬರೋದಿಲ್ಲ ಅಂತ ಗೊತ್ತಿದ್ದಿಲ್ಲ. ಅದಕ್ಕ ಕೊಟ್ಟೆ.”

ಗೌಹರಳಿಗೆ ಫೋನ್ ಮಾಡಿದೆ. ಕಲಬುರಗಿಯಲ್ಲಿ ಅವಳ ಜೊತೆ ಕಲಿತವಳೊಬ್ಬಳು ಮಕ್ಕಳ ಅರಿವಳಿಕೆಗೆಂದೇ ಇದ್ದಾಳೆ, ತಯಾರಾಗಿರು ಅಂತ ಹೇಳಿಟ್ಟಳು. ಆಮೇಲೆ ಒಂದೇ ಮಾತು: “ಆಪಾ, ಅಂಬುಲೆನ್ಸಿನ್ಯಾಗ ಯಾರ ಕೂಡ್ತಾರ?” ಆಸ್ಪತ್ರೆಯ ಅಂಬುಲೆನ್ಸಿನಲ್ಲಿ ಡ್ರೈವರ್ ಅಬ್ದುಲ್ ಕರೀಮ ಬಿಟ್ಟರೆ ಯಾರೂ ಇರಲಿಲ್ಲ.

ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದೆ, ಸಲೈನ್ ಹಚ್ಚಿದೆ, ಹತ್ತಿ ಕೂತೆ. ಶಹಾಪುರದ ಎರಡು ಕೇಸು, ಸುರಪುರದ ಒಂದು ಸಿಸೇರಿಯನ್ ಬಿಟ್ಟು ಹೊರಟೆ. ಆ ಸಿಸೇರಿಯನ್ನಿನವಳನ್ನು ಬೇರೆ ಊರಿಗೆ ಕಳಿಸಿದರಂತೆ. ಅವಳಿಗೆ ಏನಾಯಿತೆಂದು ಇವತ್ತು ಕೇಳಿದೆ. ಗಂಡು ಮಗು, ಇಬ್ಬರೂ ಆರಾಮ. ಆರಾಮ ಆಗದೇ ಇದ್ದಿದ್ದರೂ ನಾನು ಹೊರಟಿರುತ್ತಿದ್ದೆ. ಅದನ್ನು ಯಾರಿಗೂ ಹೇಳಲಾರೆ.

ನಾಲವಾರ ದಾಟಿದೆವು. ಬಸುವಿನ ನಾಡಿ ನನ್ನ ಬೆರಳ ಕೆಳಗೆ ಓಡುತ್ತಿತ್ತು. ವಾಡಿಯಲ್ಲಿ ಸಿಮೆಂಟಿನ ಲಾರಿಗಳ ಹಿಂದೆ ನಿಂತೆವು. ಕರೀಮಭಾಯಿ ಕಿಟಕಿಯಿಂದ ತಲೆ ಹಾಕಿ, “ಅರೇ ಭಾಯಿ, ಕೂಸು ಅದ, ಕೂಸು!” ಅಂತ ಒದರುತ್ತಿದ್ದರು. ನಾನು ಲಾರಿಗಳನ್ನು ನೋಡುತ್ತ ಲೆಕ್ಕ ಹಾಕುತ್ತಿದ್ದೆ. ಶಹಾಪುರಕ್ಕೆ ಹೋಗಿದ್ದರೆ ಇಷ್ಟು ಹೊತ್ತಿಗೆ ಆಪರೇಶನ್ ಮುಗಿದಿರುತ್ತಿತ್ತು. ನನ್ನ ಕೈ ಮತ್ತೆ ನಿಂತಿದ್ದರೆ ಎಲ್ಲವೂ ಮುಗಿದಿರುತ್ತಿತ್ತು. ಕಲಿತವಳ ಹತ್ತಿರ ಒಯ್ಯುವ ದಾರಿಯಲ್ಲೇ ಕರುಳು ಕಪ್ಪಾದರೆ ಆ ಪಾಪ ಯಾವ ಪತ್ರದ ಲೆಕ್ಕಕ್ಕೆ? ಪತ್ರ ಇಲ್ಲದವಳ ಲೆಕ್ಕಕ್ಕೋ, ಪತ್ರ ಬೇಕು ಅಂದವರ ಲೆಕ್ಕಕ್ಕೋ? ಹೃದಯಕ್ಕೆ, ಮಿದುಳಿಗೆ, ಮಕ್ಕಳಿಗೆ ಪರೀಕ್ಷೆ ಮಾಡಿದ್ದಾರೆ. ಯಾದಗಿರಿಯಿಂದ ಕಲಬುರಗಿವರೆಗಿನ ರಸ್ತೆಗೆ ಪರೀಕ್ಷೆ ಯಾರೂ ಇಟ್ಟಿಲ್ಲ. ಇಟ್ಟರೆ ನಾನು ಕೂರಬಹುದು.

“ಯವ್ವಾ,” ಅಂದಳು ದೇವಕ್ಕ, “ನೀವ ಯಾಕ ಬಂದ್ರಿ? ನಿಮಗ ಕೆಲಸ ಇರ್ತಾವ.”

“ಇದೂ ಕೆಲಸ ಅದವ್ವಾ.”

“ಹೌದೇನು?” ಅಂದಳು. ನಂಬಿದ ಹಾಗೆ ಕಾಣಲಿಲ್ಲ. ಸೆರಗಿನಿಂದ ಬಸುವಿನ ಬಾಯಿ ಒರೆಸಿ, ಅದೇ ಸೆರಗಿನಿಂದ ನನ್ನ ಹಣೆಯನ್ನೂ ಒರೆಸಿದಳು. ಬೆವರಿತ್ತಂತೆ.

ಕಲಬುರಗಿಯ ಆಸ್ಪತ್ರೆಯಲ್ಲಿ ಎಲ್ಲ ಕಾದಿದ್ದರು. ತಳ್ಳುಗಾಡಿಯ ಜೊತೆ ಓಟಿ ಬಾಗಿಲವರೆಗೆ ಓಡಿದೆ. ಗೌಹರಳ ಗೆಳತಿ ಹೊರಗೆ ಬಂದು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಚಿಕ್ಕ ವಯಸ್ಸು, ದೊಡ್ಡ ಕಣ್ಣು. ತಲೆಯಾಡಿಸಿ ಒಳಗೆ ಹೋದಳು. ಬಾಗಿಲ ಕಾವಲಿನವನು ಕೈ ಅಡ್ಡ ಹಿಡಿದ.

“ನೀವ ಹೊರಗ ಕೂಡ್ರಿ, ಅಮ್ಮಾ.”

“ನಾ ಡಾಕ್ಟರ್ ಅದೀನಪಾ.”

“ಯಾವ ಡಾಕ್ಟ್ರು?”

“ಅನಸ್ತೇಶಿಯಾ.”

“ಮಕ್ಕಳ ಅನಸ್ತೇಶಿಯಾಕ್ಕ ಇಲ್ಲಿ ಬ್ಯಾರೆ ಮೇಡಮ್ ಅದಾರ್ರಿ.”

“ಗೊತ್ತದ. ಅದಕ್ಕ ಬಂದೀನಿ.”

ಬಾಗಿಲು ಮುಚ್ಚಿತು. ಈ ಕೆಲಸಕ್ಕೆ ಬಂದ ಮೇಲೆ ಓಟಿಯ ಬಾಗಿಲು ನನ್ನ ಮುಖಕ್ಕೆ ಮುಚ್ಚಿದ್ದು ಇದೇ ಮೊದಲು. ಹೊರಗಿನಿಂದ ಅದು ಬಹಳ ಎತ್ತರ ಕಾಣುತ್ತದೆ. ಮಾನಿಟರಿನ ಸದ್ದು ಇಲ್ಲಿಗೆ ಕೇಳಿಸುವುದಿಲ್ಲ. ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಕಾವಲಿನವನ ಮುಖ ನೋಡಬೇಕು. ಅವನು ಫೋನು ನೋಡುತ್ತಿದ್ದ. ನನ್ನ ಊರುಗಳಲ್ಲಿ ಇಷ್ಟು ವರ್ಷ ಜನ ಹೀಗೆ ಕೂತಿದ್ದರು ಅಂತ ಆಯಿತು.

ಬೆಂಚಿನ ಮೇಲೆ ದೇವಕ್ಕನ ಪಕ್ಕ ಕೂತೆ. ಆಳಂದ ಕಡೆಯವಳೊಬ್ಬಳು ತನ್ನ ಗಂಡನ ಕಥೆ ಹೇಳಿ ಮುಗಿಸಿ, “ನಿಮ್ಮವ್ರು ಯಾರ್ರೀ ಒಳಗ?” ಅಂದಳು. ದೇವಕ್ಕ ಬಸುವಿನ ಹೆಸರು ಹೇಳಿದಳು. ಅವಳು ನನ್ನ ಕಡೆ ತಿರುಗಿ, “ನಿಮ್ಮವ್ರು?” ಅಂದಳು. ಅಷ್ಟರಲ್ಲಿ ಬಾಗಿಲು ತೆರೆದು ಸಿಸ್ಟರ್ ಕೂಗಿದಳು.

“ಬಸುನ ಕಡಿಯವ್ರು ಯಾರ್ರೀ?”

ನಾವಿಬ್ಬರೂ ಎದ್ದೆವು. ದೇವಕ್ಕ ನನ್ನ ರಟ್ಟೆ ಹಿಡಿದಿದ್ದಳು.

“ಕರುಳಿಗೆ ಏನೂ ಆಗಿಲ್ಲ. ಜರಾ ತಡಾ ಆಗಿದ್ರ ಕೊಯ್ಯಬೇಕಾಗ್ತಿತ್ತು ಅಂದ್ರು ಡಾಕ್ಟ್ರು. ಎದ್ದಾನ, ಅಳಾಕತ್ತಾನ. ಒಬ್ರ ಬರ್ರಿ ಒಳಗ. ಇಬ್ಬರನ್ನ ಬಿಡೋದಿಲ್ಲ.”

ನಾನು ಕೂರಲು ಹೋದೆ. ದೇವಕ್ಕ ನನ್ನ ರಟ್ಟೆ ಬಿಡಲಿಲ್ಲ.